ಕಾದಂಬರಿಗೆ ಬಿಡುಗಡೆ, ಸಿನಿಮಾಕ್ಕೆ ಇನ್ನೂ ಇಲ್ಲ: ‘ಮಾಲ್ಟೀಸ್ ಫಾಲ್ಕನ್’ ಗೊಂದಲದ ಒಳಹೊರಗು

2026ರ ಜನವರಿ 1ರಂದು ಅಮೆರಿಕದಲ್ಲಿ ‘ದಿ ಮಾಲ್ಟೀಸ್ ಫಾಲ್ಕನ್’ ಕಾದಂಬರಿಯ ಹಕ್ಕುಸ್ವಾಮ್ಯ ಮುಗಿಯಿತು. ಡ್ಯಾಷಿಯಲ್ ಹ್ಯಾಮೆಟ್ ಬರೆದ ಈ ಪತ್ತೇದಾರಿ ಕಾದಂಬರಿ ಪುಸ್ತಕವಾಗಿ ಬಂದದ್ದು 1930ರಲ್ಲಿ. ಅಲ್ಲಿನ ಕಾನೂನಿನ 95 ವರ್ಷಗಳ ರಕ್ಷಣೆ 2025ರ ಡಿಸೆಂಬರ್ ಕೊನೆಗೆ ತೀರಿತು. ಸುದ್ದಿ ಇಷ್ಟೇ. ಆದರೆ ಆ ಹೆಸರು ಕೇಳಿದೊಡನೆ ಬಹುಪಾಲು ಜನರ ಕಣ್ಣ ಮುಂದೆ ಬರುವುದು ಹ್ಯಾಟು ತೊಟ್ಟು, ತುಟಿ ಬಿಗಿದು ನಿಂತ ನಟ ಹಂಫ್ರಿ ಬೋಗಾರ್ಟ್, ಅಂದರೆ 1941ರ ಕಪ್ಪು ಬಿಳುಪು ಸಿನಿಮಾ. ಹೀಗಾಗಿ ‘ಫಾಲ್ಕನ್ ಈಗ ಎಲ್ಲರ ಸ್ವತ್ತು’ ಎಂದು ಓದಿದವರು ಸಿನಿಮಾವೇ ಮುಕ್ತವಾಯಿತೆಂದು ತಿಳಿದರೆ ಅದು ಸಹಜ.

ಕಲಬುರಗಿ ಭಾಗದವರಿಗೆ ಈ ವಿಚಾರ ದೂರದ ಕುತೂಹಲವಾಗಿ ಉಳಿಯುವುದಿಲ್ಲ. ಇಲ್ಲಿ ರಂಗಾಯಣವಿದೆ, ಕಾಲೇಜು ನಾಟಕ ತಂಡಗಳಿವೆ, ಬೀದರ್‌ನಿಂದ ಸುರಪುರದವರೆಗೆ ಮೊಬೈಲಿನಲ್ಲೇ ಕಿರುಚಿತ್ರ ತೆಗೆಯುವ ಹುಡುಗ ಹುಡುಗಿಯರಿದ್ದಾರೆ. ಅವರು ಕೇಳಬಹುದಾದ ಪ್ರಶ್ನೆಗಳು ನೇರವಾದವು. ಈ ಚಿತ್ರಕ್ಕೆ ಕನ್ನಡ ಧ್ವನಿ ಕೊಟ್ಟು ಯೂಟ್ಯೂಬ್‌ಗೆ ಹಾಕಬಹುದೇ? ಕಥೆಯನ್ನು ರಂಗಕ್ಕೆ ತರಬಹುದೇ? ತಂದರೆ ಯಾರಿಗೆ ಹಣ ಕೊಡಬೇಕು?

ಇದರ ಪಕ್ಕದಲ್ಲೇ ಇನ್ನೊಂದು ಹಳೆಯ ಜಗಳವಿದೆ: ಸಿನಿಮಾ ಪುಸ್ತಕಕ್ಕೆ ನಿಷ್ಠವಾಗಿದೆಯೇ, ಇಲ್ಲವೇ? ಕಾನೂನಿನ ಪ್ರಶ್ನೆಯನ್ನು ವಕೀಲರಿಗೂ ಅಭಿರುಚಿಯ ಪ್ರಶ್ನೆಯನ್ನು ನೋಡುಗರಿಗೂ ಹಂಚಿ ಸುಮ್ಮನಾಗುವುದು ನಮ್ಮ ರೂಢಿ. ಈ ಸಂದರ್ಭದಲ್ಲಿ ಎರಡಕ್ಕೂ ಕೀಲಿ ಒಂದೇ. ಯಾವುದು ಹ್ಯಾಮೆಟ್ ಬರೆದದ್ದು, ಯಾವುದು ಚಿತ್ರದ ನಿರ್ದೇಶಕ ಜಾನ್ ಹ್ಯೂಸ್ಟನ್ ಸೇರಿಸಿದ್ದು ಎಂದು ವಿಂಗಡಿಸಿಕೊಂಡರೆ ಎರಡೂ ಜಗಳಗಳ ಗಂಟು ಸಡಿಲುತ್ತದೆ.

ಹತ್ತು ವರ್ಷ, ಮೂರು ಸಿನಿಮಾ

ಕಥೆಯ ಗುಟ್ಟು ಬಿಚ್ಚದೆ ಈ ಚರ್ಚೆ ಸಾಗದು. ಸ್ಯಾನ್ ಫ್ರಾನ್ಸಿಸ್ಕೊದ ಖಾಸಗಿ ಪತ್ತೇದಾರ ಸ್ಯಾಮ್ ಸ್ಪೇಡ್‌ನ ಕಚೇರಿಗೆ ಒಬ್ಬ ಹೆಂಗಸು ಸುಳ್ಳು ಹೆಸರು ಹೇಳಿಕೊಂಡು ಬರುತ್ತಾಳೆ. ಅದೇ ರಾತ್ರಿ ಸ್ಪೇಡ್‌ನ ಪಾಲುದಾರ ಮೈಲ್ಸ್ ಆರ್ಚರ್ ಗುಂಡೇಟಿಗೆ ಬಲಿಯಾಗುತ್ತಾನೆ. ರತ್ನಖಚಿತ ಚಿನ್ನದ್ದೆಂದು ನಂಬಲಾದ, ಬೆಲೆ ಗೊತ್ತಾಗದಿರಲೆಂದು ಕಪ್ಪು ಬಣ್ಣ ಬಳಿದ ಒಂದು ಡೇಗೆಯ (ಫಾಲ್ಕನ್ ಹಕ್ಕಿಯ) ಪ್ರತಿಮೆಗಾಗಿ ಮೂರ್ನಾಲ್ಕು ಜನ ಒಬ್ಬರನ್ನೊಬ್ಬರು ವಂಚಿಸುತ್ತಿರುತ್ತಾರೆ. ಕೊನೆಗೆ ಆರ್ಚರ್‌ನನ್ನು ಕೊಂದವಳು ಆ ಹೆಂಗಸೇ, ಬ್ರಿಜಿಡ್, ಎಂದು ಬಯಲಾಗುತ್ತದೆ. ಅವಳತ್ತ ಒಲಿದಿದ್ದ ಸ್ಪೇಡ್ ತಾನೇ ಅವಳನ್ನು ಪೊಲೀಸರಿಗೆ ಒಪ್ಪಿಸುತ್ತಾನೆ.

ವಾರ್ನರ್ ಬ್ರದರ್ಸ್ ಸಂಸ್ಥೆ ಈ ಕಾದಂಬರಿಯ ಚಿತ್ರಹಕ್ಕನ್ನು 8,500 ಡಾಲರಿಗೆ ಕೊಂಡು, 1931ರಲ್ಲಿ ರಿಕಾರ್ಡೊ ಕಾರ್ಟೆಜ್ ನಟಿಸಿದ ಮೊದಲ ಚಿತ್ರವನ್ನು ತೆಗೆಯಿತು. ಹೆಣ್ಣು ಗಂಡಿನ ಸಂಬಂಧದ ವಿಷಯದಲ್ಲಿ ಅದು ಸಾಕಷ್ಟು ಧೈರ್ಯದ್ದು. 1934ರಲ್ಲಿ ಹಾಲಿವುಡ್‌ನ ನೀತಿಸಂಹಿತೆ ಬಿಗಿಯಾಗಿ ಜಾರಿಯಾದ ಮೇಲೆ ಆ ಚಿತ್ರವನ್ನು ಮರುಬಿಡುಗಡೆ ಮಾಡಲು ಅನುಮತಿ ಸಿಗಲಿಲ್ಲ. ಹಕ್ಕು ಕೈಯಲ್ಲಿದೆ, ಚಿತ್ರ ಮಾತ್ರ ಪ್ರದರ್ಶನಕ್ಕೆ ಬಾರದು. ಹಾಗಾಗಿ 1936ರಲ್ಲಿ ಅದೇ ಕಥೆಯನ್ನು ‘ಸೇಟನ್ ಮೆಟ್ ಎ ಲೇಡಿ’ ಎಂಬ ಹಗುರ ಚಿತ್ರವಾಗಿ ಮಾರ್ಪಡಿಸಿದರು. ಪಾತ್ರಗಳ ಹೆಸರೆಲ್ಲ ಬದಲಾಯಿತು, ಹಕ್ಕಿ ಹೋಗಿ ಕೊಂಬಿನ ಕಹಳೆ ಬಂತು, ಖಳನಾಯಕ ಗಟ್‌ಮನ್ ಹೆಂಗಸಾದ. ಬೆಟ್ಟಿ ಡೇವಿಸ್ ಇದ್ದರೂ ಚಿತ್ರ ನಿಲ್ಲಲಿಲ್ಲ.

ಮೂರನೆಯದು 1941ರದ್ದು. ಚಿತ್ರಕಥೆ ಬರೆಯುತ್ತಿದ್ದ ಹ್ಯೂಸ್ಟನ್‌ಗೆ ನಿರ್ದೇಶಕನಾಗಿ ಇದು ಮೊದಲ ಅವಕಾಶ. ಜಾರ್ಜ್ ರಾಫ್ಟ್ ಬೇಡವೆಂದ ಮೇಲೆ ನಾಯಕನ ಪಾತ್ರ ಬೋಗಾರ್ಟ್‌ಗೆ ಬಂತು. ಅರುವತ್ತು ದಾಟಿದ್ದ ರಂಗನಟ ಸಿಡ್ನಿ ಗ್ರೀನ್‌ಸ್ಟ್ರೀಟ್ ಗಟ್‌ಮನ್ ಆಗಿ ಮೊದಲ ಬಾರಿ ಕ್ಯಾಮೆರಾ ಎದುರಿಸಿದರು. ಹ್ಯೂಸ್ಟನ್ ಸಂಭಾಷಣೆಯ ಬಹುಭಾಗವನ್ನು ಕಾದಂಬರಿಯಿಂದಲೇ ಎತ್ತಿಕೊಂಡರು. ನಾವಿಂದು ‘ಕ್ಲಾಸಿಕ್’ ಎನ್ನುವ ಚಿತ್ರ ಹೀಗೆ ಮೂರನೇ ಪ್ರಯತ್ನದಲ್ಲಿ ದಕ್ಕಿದ್ದು.

ನೋಡುಗರು ಏಕೆ ಒಪ್ಪುವುದಿಲ್ಲ

ಚಿತ್ರವನ್ನು ಮೆಚ್ಚುವವರ ವಾದ ಗಟ್ಟಿಯಾಗಿದೆ. ಕಥೆಯನ್ನು ಇಷ್ಟು ಬಿಗಿಯಾಗಿ, ಒಂದೂ ಪೋಲು ಮಾತಿಲ್ಲದೆ ಹೇಳಿದ ಪತ್ತೇದಾರಿ ಚಿತ್ರಗಳು ಕಡಿಮೆ. ಪುಸ್ತಕದ ಮಾತುಗಳನ್ನೇ ಉಳಿಸಿಕೊಂಡ ಮೇಲೆ ನಿಷ್ಠೆಯ ಪ್ರಶ್ನೆ ಎಲ್ಲಿಂದ ಬಂತು ಎಂದು ಅವರು ಕೇಳುತ್ತಾರೆ. ಪುಸ್ತಕ ಓದಿದವರು ಒಪ್ಪುವುದಿಲ್ಲ. ಹ್ಯಾಮೆಟ್‌ರ ಸ್ಪೇಡ್ ಆರಡಿ ಎತ್ತರದ, ಹೊಂಗೂದಲಿನ, ‘ವಿ’ ಆಕಾರದ ಮುಖದ, ನೋಡಿದರೆ ಸೈತಾನನನ್ನು ನೆನಪಿಸುವ ಮನುಷ್ಯ. ಬೋಗಾರ್ಟ್ ಇದರಲ್ಲಿ ಯಾವುದೂ ಅಲ್ಲ. ಇನ್ನು ಕಿರಿಯರ ದೂರು ಬೇರೆ: ಬಣ್ಣವಿಲ್ಲ, ಹೊಡೆದಾಟವಿಲ್ಲ, ಕೋಣೆಯೊಳಗೆ ಕುಳಿತು ಮಾತಾಡುತ್ತಲೇ ಇರುತ್ತಾರೆ.

ಬಣ್ಣದ ಆಸೆಯನ್ನು ಒಮ್ಮೆ ತೀರಿಸಲೂ ಆಯಿತು. 1980ರ ದಶಕದಲ್ಲಿ ಈ ಚಿತ್ರಕ್ಕೆ ಕಂಪ್ಯೂಟರಿನಿಂದ ಬಣ್ಣ ತುಂಬಿದಾಗ, ಆರೋಗ್ಯ ಕೆಟ್ಟಿದ್ದ ಹ್ಯೂಸ್ಟನ್ 1986ರಲ್ಲಿ ಅದನ್ನು ಬಹಿರಂಗವಾಗಿ ಪ್ರತಿಭಟಿಸಿದರು. ನೆರಳು ಬೆಳಕಿನಲ್ಲೇ ಯೋಚಿಸಿ ತೆಗೆದ ಚಿತ್ರಕ್ಕೆ ಬಣ್ಣ ಬಳಿಯುವುದು ಅದರ ಅರ್ಥವನ್ನೇ ಅಳಿಸುವುದೆಂಬ ಅವರ ನಿಲುವು ಸರಿ ಎಂದೇ ನನ್ನ ಅಭಿಪ್ರಾಯ.

ನಮ್ಮ ಭಾಗದ ನೋಡುಗರ ಅಭಿಪ್ರಾಯಕ್ಕೆ ಇನ್ನೊಂದು ಬೇರೂ ಇದೆ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಪತ್ತೇದಾರಿ ಕಥೆ ಒಂದೇ ಭಾಷೆಯಿಂದ ಬಂದದ್ದಲ್ಲ. ಕನ್ನಡ ಓದುವವರಿಗೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಸಿಕ್ಕ. ಉರ್ದು ಬಲ್ಲ ಮನೆಗಳಿಗೆ ಇಬ್ನೆ ಸಫಿಯವರ ಫರೀದಿ, ಹಮೀದ್, ಇಮ್ರಾನ್ ಬಂದರು. 1993ರಲ್ಲಿ ದೂರದರ್ಶನ ಬ್ಯೋಮಕೇಶ್ ಬಕ್ಷಿಯನ್ನು ಹಿಂದಿಯಲ್ಲಿ ಎಲ್ಲರ ಮನೆಗೂ ತಂದಿತು. ಇವರೆಲ್ಲ ಒಂದೊಂದು ಬಗೆಯವರಾದರೂ ನಾವು ನಂಬಬಹುದಾದ ಮನುಷ್ಯರು. ಬುದ್ಧಿವಂತಿಕೆ ಅವರ ಕಡೆ, ನ್ಯಾಯವೂ ಅವರ ಕಡೆ.

ಸ್ಪೇಡ್ ಹಾಗಲ್ಲ. ಪಾಲುದಾರನ ಹೆಂಡತಿಯೊಡನೆ ಅವನಿಗೆ ಸಂಬಂಧವಿದೆ. ಪಾಲುದಾರ ಸತ್ತ ಮರುದಿನವೇ ಬಾಗಿಲ ಮೇಲಿನ ಅವನ ಹೆಸರು ತೆಗೆಸಲು ಹೇಳುತ್ತಾನೆ. ಹಣ ಕಂಡರೆ ಜೇಬಿಗಿಳಿಸುತ್ತಾನೆ. ಪುರುಷೋತ್ತಮನನ್ನೋ ಫರೀದಿಯನ್ನೋ ನೋಡಿ ಬೆಳೆದವರು ಇವನೆಂಥ ಪತ್ತೇದಾರ ಎಂದು ಕೇಳಿದರೆ, ಆ ಪ್ರಶ್ನೆಯಲ್ಲಿ ಅಜ್ಞಾನವಿಲ್ಲ. ಹ್ಯಾಮೆಟ್ ಹುಟ್ಟಿಸಬೇಕೆಂದಿದ್ದ ಅನುಮಾನವೇ ಅದು. ಪಿಂಕರ್ಟನ್ ಸಂಸ್ಥೆಯಲ್ಲಿ ಸ್ವತಃ ಪತ್ತೇದಾರನಾಗಿ ದುಡಿದಿದ್ದ ಅವರಿಗೆ, ಈ ಕಸುಬಿನವನು ಒಳ್ಳೆಯವನೋ ಕೆಟ್ಟವನೋ ಎಂದು ಓದುಗ ಕೊನೆಯ ಪುಟದವರೆಗೂ ತಡಕಾಡಬೇಕಿತ್ತು.

ಚಿತ್ರ ಬಿಟ್ಟ ಎರಡು ಸಂಗತಿ

ನಿಷ್ಠೆಯ ಜಗಳ ಎತ್ತರ, ಕೂದಲ ಬಣ್ಣಗಳಲ್ಲಿ ಸಿಕ್ಕಿಬೀಳುವುದು ನಷ್ಟ. ನಿಜವಾದ ವ್ಯತ್ಯಾಸ ಎರಡು ಕಡೆ ಇದೆ.

ಕಾದಂಬರಿಯ ನಡುವೆ ಸ್ಪೇಡ್ ಬ್ರಿಜಿಡ್‌ಗೆ ಫ್ಲಿಟ್‌ಕ್ರಾಫ್ಟ್ ಎಂಬವನ ಕಥೆ ಹೇಳುತ್ತಾನೆ. ಟಕೋಮಾ ಎಂಬ ಊರಲ್ಲಿ ಮನೆ, ನಿವೇಶನ ವ್ಯವಹಾರದ ಫ್ಲಿಟ್‌ಕ್ರಾಫ್ಟ್ ಒಂದು ದಿನ ಮಧ್ಯಾಹ್ನದ ಊಟಕ್ಕೆ ಹೊರಟವನು ಮರಳಲಿಲ್ಲ. ಹೆಂಡತಿ, ಮಕ್ಕಳು, ಹಣ ಎಲ್ಲ ಇದ್ದಲ್ಲೇ ಉಳಿದವು. ಕಟ್ಟುತ್ತಿದ್ದ ಕಟ್ಟಡವೊಂದರ ಮೇಲಿಂದ ತೊಲೆಯೊಂದು ಅವನ ಪಕ್ಕದಲ್ಲೇ ಬಿದ್ದಿತ್ತು. ಕಾಲುದಾರಿಯ ಚೂರು ಹಾರಿ ಕೆನ್ನೆಗೆ ತಾಗಿತು, ಅಷ್ಟೇ. ಅಚ್ಚುಕಟ್ಟಾಗಿ ನಡೆಯುತ್ತಿದೆ ಎಂದುಕೊಂಡಿದ್ದ ಬದುಕು ಹೀಗೆ ಯಾವಾಗ ಬೇಕಾದರೂ ಮುರಿಯಬಹುದೆಂದು ಕಂಡವನು ಎಲ್ಲ ಬಿಟ್ಟು ಹೊರಟುಬಿಟ್ಟ. ವರ್ಷಗಳ ಬಳಿಕ ಸ್ಪೇಡ್ ಅವನನ್ನು ಸ್ಪೊಕೇನ್‌ನಲ್ಲಿ ಕಂಡಾಗ ಅವನು ಬೇರೆ ಹೆಸರಿನಲ್ಲಿ ಮತ್ತೆ ಮದುವೆಯಾಗಿ, ಬಿಟ್ಟುಬಂದ ಬದುಕಿನಂಥದ್ದೇ ಬದುಕು ನಡೆಸುತ್ತಿದ್ದ. ತೊಲೆ ಬಿದ್ದಾಗ ಅದಕ್ಕೆ ಹೊಂದಿಕೊಂಡ. ತೊಲೆಗಳು ಬೀಳದಾದಾಗ ಅದಕ್ಕೂ ಹೊಂದಿಕೊಂಡ. ಕೇಳಿಸಿಕೊಂಡ ಬ್ರಿಜಿಡ್‌ಗೆ ಇದು ಯಾಕೆಂದೇ ತಿಳಿಯುವುದಿಲ್ಲ.

ಸ್ಪೇಡ್‌ನ ಒಳಗನ್ನು ಇಡೀ ಕಾದಂಬರಿಯಲ್ಲಿ ಹ್ಯಾಮೆಟ್ ಎಲ್ಲಿಯೂ ಬಿಚ್ಚುವುದಿಲ್ಲ. ಅವನು ಏನು ಯೋಚಿಸಿದ ಎಂಬ ಒಂದು ಸಾಲೂ ಇಲ್ಲ. ಅವನು ಲೋಕವನ್ನು ಹೇಗೆ ಕಾಣುತ್ತಾನೆಂದು ತೋರುವ ಕಿಟಕಿ ಈ ಉಪಕಥೆಯೊಂದೇ. 1941ರ ಚಿತ್ರದಲ್ಲಿ ಇದಿಲ್ಲ.

ಎರಡನೆಯದು ಕೊನೆ. ಚಿತ್ರದಲ್ಲಿ ಪೊಲೀಸ್ ಅಧಿಕಾರಿ ಪ್ರತಿಮೆಯನ್ನು ಎತ್ತಿ ಇದೇನು ಇಷ್ಟು ಭಾರ ಎನ್ನುತ್ತಾನೆ. ಸ್ಪೇಡ್ ಅದು ಕನಸುಗಳು ಹುಟ್ಟುವ ವಸ್ತು ಎಂಬ ಪ್ರಸಿದ್ಧ ಮಾತು ಹೇಳುತ್ತಾನೆ. ಬ್ರಿಜಿಡ್ ಇದ್ದ ಲಿಫ್ಟ್ ಕೆಳಗಿಳಿಯುತ್ತದೆ. ಆ ಮಾತು ಕಾದಂಬರಿಯಲ್ಲಿಲ್ಲ. ಕಾದಂಬರಿಯಲ್ಲಿ ಸೋಮವಾರ ಬೆಳಿಗ್ಗೆ ಸ್ಪೇಡ್ ಕಚೇರಿಗೆ ಬರುತ್ತಾನೆ. ಅವನನ್ನು ಸದಾ ನಂಬಿದ್ದ ಕಾರ್ಯದರ್ಶಿ ಎಫಿ, ಅವನು ಮಾಡಿದ್ದು ಸರಿ ಎಂದು ಗೊತ್ತಿದ್ದೂ, ಈಗ ಮಾತ್ರ ತನ್ನನ್ನು ಮುಟ್ಟಬೇಡ ಎಂದು ಹಿಂದೆ ಸರಿಯುತ್ತಾಳೆ. ಹೊರಗೆ ಪಾಲುದಾರನ ವಿಧವೆ ಐವಾ ಕಾಯುತ್ತಿದ್ದಾಳೆ. ಸ್ಪೇಡ್ ನಡುಗಿ, ಕಳಿಸು ಎನ್ನುತ್ತಾನೆ.

ಒಂದು ಅಂತ್ಯ ನಾಯಕನಿಗೆ ಗಾಂಭೀರ್ಯ ಕೊಡುತ್ತದೆ, ಇನ್ನೊಂದು ಅವನನ್ನು ಅವನ ಹಳೆಯ ಕೊಳಕಿನ ಮುಂದೆಯೇ ಕೂರಿಸುತ್ತದೆ. ಮಾತುಗಳನ್ನು ಪುಸ್ತಕದಿಂದ ಎತ್ತಿಕೊಂಡೂ ಹ್ಯೂಸ್ಟನ್ ಬೇರೊಬ್ಬ ಸ್ಪೇಡ್‌ನನ್ನು ಮಾಡಿದ್ದು ಹೀಗೆ. ಸಿನಿಮಾ ಮೆಚ್ಚುವವರೂ ಪುಸ್ತಕ ಮೆಚ್ಚುವವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿರುವುದು ಇದೇ ಕಾರಣಕ್ಕೆ. ನಮ್ಮ ದೊಡ್ಡಾಟದ ಮೇಳಗಳು ಮಹಾಭಾರತದ ಒಂದೇ ಪ್ರಸಂಗವನ್ನು ಊರಿಗೊಂದು ಬಗೆಯಲ್ಲಿ ಆಡಿದಾಗ ಯಾವುದು ಅಸಲಿ ಎಂದು ಯಾರೂ ಕೇಳುವುದಿಲ್ಲ. ಯಾವ ಮೇಳ ಯಾವ ಪಾತ್ರವನ್ನು ಎತ್ತಿಹಿಡಿಯಿತು ಎಂದು ಕೇಳುತ್ತಾರೆ. ಇಲ್ಲೂ ಕೇಳಬೇಕಾದದ್ದು ಅದೇ.

ಸ್ಪೇಡ್ ಯಾರ ಸ್ವತ್ತು?

ಈ ವಿಂಗಡಣೆ ಕಾನೂನಿನಲ್ಲೂ ಹಳೆಯದು. ಚಿತ್ರ ಗೆದ್ದ ಮೇಲೆ ಹ್ಯಾಮೆಟ್ ಸ್ಪೇಡ್ ಪಾತ್ರವನ್ನು ರೇಡಿಯೊ ಧಾರಾವಾಹಿಗೆ ಕೊಟ್ಟರು. ಚಿತ್ರಹಕ್ಕು ಕೊಂಡಾಗ ಪಾತ್ರವನ್ನೂ ಕೊಂಡಿದ್ದೇವೆ ಎಂದು ವಾರ್ನರ್ ಸಂಸ್ಥೆ ಸಿಬಿಎಸ್ ಪ್ರಸಾರ ಸಂಸ್ಥೆಯ ವಿರುದ್ಧ ದಾವೆ ಹೂಡಿತು. 1954ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಒಪ್ಪಂದದಲ್ಲಿ ಪಾತ್ರದ ಹಕ್ಕನ್ನು ಬಿಟ್ಟುಕೊಟ್ಟ ಮಾತಿಲ್ಲ. ಲೇಖಕ ತನ್ನ ಪಾತ್ರಗಳನ್ನು ಹೊಸ ಕಥೆಗಳಲ್ಲಿ ಬಳಸಬಹುದು ಎಂದಿತು.

ಆ ತೀರ್ಪಿನ ಪರಿಣಾಮ ಈಗಲೂ ಪ್ರಸ್ತುತ. ಕಾದಂಬರಿಯ ಸ್ಪೇಡ್ ಕಾದಂಬರಿಯೊಡನೆ ಮುಕ್ತನಾಗಿದ್ದಾನೆ. ಬೋಗಾರ್ಟ್‌ನ ಸ್ಪೇಡ್, ಅಂದರೆ ಆ ದೃಶ್ಯ ಜೋಡಣೆ, ಆ ಸಂಗೀತ, ಆ ಕೊನೆಯ ಮಾತು, ಅಮೆರಿಕದಲ್ಲಿ 2036ರ ಕೊನೆಯವರೆಗೂ ವಾರ್ನರ್ ಸಂಸ್ಥೆಯ ರಕ್ಷಣೆಯಲ್ಲಿರುತ್ತದೆ.

ಇದು ಎಷ್ಟು ಸೂಕ್ಷ್ಮವೆಂಬುದಕ್ಕೆ ಚಿತ್ರದ ಆರಂಭದ ಬರಹವನ್ನೇ ನೋಡಬಹುದು. ತೆರೆಯ ಮೇಲೆ ಮಾಲ್ಟಾ ದ್ವೀಪದ ‘ಟೆಂಪ್ಲರ್’ ಎಂಬ ಕ್ರೈಸ್ತ ಯೋಧಪಂಥದ ವೀರರು ಸ್ಪೇನಿನ ದೊರೆ ಐದನೇ ಚಾರ್ಲ್ಸ್‌ಗೆ ಚಿನ್ನದ ಡೇಗೆ ಕಾಣಿಕೆ ಕಳಿಸಿದರೆಂದು ಬರುತ್ತದೆ. ಇತಿಹಾಸದಲ್ಲಿ ಮಾಲ್ಟಾ ಪಡೆದವರು ಸಂತ ಜಾನ್‌ನ ‘ಹಾಸ್ಪಿಟಲರ್’ ಪಂಥದವರು. ಟೆಂಪ್ಲರ್‌ಗಳು ಅದಕ್ಕೂ ಎರಡು ಶತಮಾನ ಮೊದಲೇ ವಿಸರ್ಜನೆಯಾಗಿದ್ದರು. ಹ್ಯಾಮೆಟ್ ಪುಸ್ತಕದಲ್ಲಿ ಪಂಥದ ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ, ತಪ್ಪು ಚಿತ್ರದ್ದು. ಯಾರದಾದರೂ ಹೊಸ ನಾಟಕದಲ್ಲಿ ಟೆಂಪ್ಲರ್‌ಗಳು ಕಾಣಿಸಿಕೊಂಡರೆ, ಅವರು ಪುಸ್ತಕ ತೆರೆಯದೆ ಚಿತ್ರದಿಂದಲೇ ಎತ್ತಿಕೊಂಡಿದ್ದಾರೆಂಬ ಅನುಮಾನಕ್ಕೆ ಅದೇ ಸಾಕಾಗುತ್ತದೆ.

ಭಾರತದ ಲೆಕ್ಕ ಬೇರೆ

ಇಲ್ಲಿಯವರೆಗಿನದು ಅಮೆರಿಕದ ಕಥೆ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆ ಪುಸ್ತಕಕ್ಕೆ ಬೇರೆ ಅಳತೆ ಇಡುತ್ತದೆ: ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ. 1992ರವರೆಗೆ ಇದು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು ಹತ್ತು ವರ್ಷ ಹೆಚ್ಚಿಸಲಾಯಿತು.

ಹ್ಯಾಮೆಟ್ ತೀರಿಕೊಂಡದ್ದು 1961ರ ಜನವರಿಯಲ್ಲಿ. ಅಂದರೆ ಭಾರತದಲ್ಲಿ ಈ ಕಾದಂಬರಿ 2022ರ ಜನವರಿ 1ರಿಂದಲೇ ಮುಕ್ತ. ಕಲಬುರಗಿಯ ಅನುವಾದಕನೊಬ್ಬ ನಾಲ್ಕು ವರ್ಷ ಮೊದಲೇ ಇದನ್ನು ಕನ್ನಡಕ್ಕೆ ತರಬಹುದಿತ್ತು. ಅಮೆರಿಕದ ಸುದ್ದಿಗಾಗಿ ಕಾಯಬೇಕಿರಲಿಲ್ಲ.

ಅದೇ ಅಳತೆ ಅಗಾಥಾ ಕ್ರಿಸ್ಟಿಯವರಿಗೆ ಬಂದಾಗ ಲೆಕ್ಕ ತಿರುಗುತ್ತದೆ. 1930ರಲ್ಲಿ ಬಂದ, ಮಿಸ್ ಮಾರ್ಪಲ್‌ಳ ಮೊದಲ ಕಾದಂಬರಿ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಕೂಡ 2026ರ ಜನವರಿಯಲ್ಲೇ ಅಮೆರಿಕದಲ್ಲಿ ಮುಕ್ತವಾಯಿತು. ಆದರೆ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ಹಾಗಾಗಿ ಭಾರತದಲ್ಲಿ ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳೆಲ್ಲ 2036ರ ಕೊನೆಯವರೆಗೆ ರಕ್ಷಿತ. ಇಬ್ಬರ ಪುಸ್ತಕಗಳೂ ಒಂದೇ ಸುದ್ದಿಯಲ್ಲಿ ಬಂದಿರಬಹುದು. ಇಲ್ಲಿ ಒಂದನ್ನು ಕೇಳದೆ ಅನುವಾದಿಸಬಹುದು, ಇನ್ನೊಂದನ್ನು ಅನುವಾದಿಸಿದರೆ ಉಲ್ಲಂಘನೆ.

ಚಲನಚಿತ್ರಕ್ಕೆ ನಮ್ಮ ಕಾಯ್ದೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಎನ್ನುತ್ತದೆ. ಹಾಗಾದರೆ 1941ರ ಚಿತ್ರ ಇಲ್ಲಿ ಎಂದೋ ಮುಕ್ತವಲ್ಲವೇ ಎಂದು ಕೇಳಬಹುದು. ಕಾಯ್ದೆ ಜಾರಿಯಾದದ್ದು 1958ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳಿಗೆ ಹಳೆಯ ಕಾಯ್ದೆಯ ನಿಯಮಗಳು ಬೆರೆಯುವುದರಿಂದ ಬರೀ ಕೂಡಿಸಿ ಕಳೆದು ತೀರ್ಮಾನಿಸುವುದು ಜಾಣತನವಲ್ಲ. ಅದಕ್ಕಿಂತ ದೊಡ್ಡ ತೊಡಕು ವ್ಯಾವಹಾರಿಕವಾದದ್ದು. ಕನ್ನಡ ಧ್ವನಿ ಕೊಟ್ಟ ಪ್ರತಿಯನ್ನು ಅಂತರ್ಜಾಲಕ್ಕೆ ಹಾಕಿದ ಕ್ಷಣ ಅದು ಅಮೆರಿಕದಲ್ಲೂ ಪ್ರಕಟವಾದಂತೆ. ಅಲ್ಲಿ ಹಕ್ಕು ಜೀವಂತವಿದೆ, ಯೂಟ್ಯೂಬ್ ಅಲ್ಲಿನ ಕಂಪನಿ. ದೂರು ಬಂದರೆ ವಿಡಿಯೊ ಹೋಗುತ್ತದೆ, ಮತ್ತೆ ಮತ್ತೆ ಬಂದರೆ ಚಾನೆಲ್ಲೇ ಹೋಗುತ್ತದೆ.

ಇಲ್ಲಿನ ತಂಡಗಳಿಗೆ ಏನು ಸಾಧ್ಯ

ಕಾಲೇಜಿನೊಳಗೆ ಚಿತ್ರ ತೋರಿಸಿ ಚರ್ಚಿಸಲು ದಾರಿಯಿದೆ. ಕಾಯ್ದೆಯ 52ನೇ ಕಲಂ, ನೋಡುಗರು ಆ ಸಂಸ್ಥೆಯ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗೆ ಸಂಬಂಧಿಸಿದವರಿಗೆ ಸೀಮಿತವಾಗಿದ್ದರೆ, ಪಾಠದ ಭಾಗವಾಗಿ ಪ್ರದರ್ಶನಕ್ಕೆ ಅವಕಾಶ ಕೊಡುತ್ತದೆ. ಟಿಕೆಟ್ ಹಾಕಿ ಊರವರನ್ನೆಲ್ಲ ಕರೆದರೆ ಆ ರಿಯಾಯಿತಿ ಇಲ್ಲ. ಜೊತೆಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಪ್ರಮಾಣಪತ್ರವೂ ಬೇಕು.

ಅನುವಾದಕರು ಒಂದು ವಿಷಯದಲ್ಲಿ ವಿಶೇಷ ಎಚ್ಚರ ವಹಿಸಬೇಕು. ನಮ್ಮಲ್ಲಿ ಹಿಂದಿ, ಉರ್ದು, ಮರಾಠಿ, ತೆಲುಗು ಬಲ್ಲವರು ಹೇರಳವಾಗಿದ್ದಾರೆ. ಆ ಭಾಷೆಗಳ ಮೂಲಕ ಕಥೆ ತರುವುದು ಸುಲಭ ಅನಿಸುತ್ತದೆ. ಆದರೆ ಅನುವಾದಕ್ಕೆ ಅನುವಾದಕನ ಪ್ರತ್ಯೇಕ ಹಕ್ಕಿದೆ. ಮೂಲ ಇಂಗ್ಲಿಷ್ ಮುಕ್ತವಾದ ಮಾತ್ರಕ್ಕೆ ನಡುವಿನ ಹಿಂದಿ ಪಾಠ ಮುಕ್ತವಾಗುವುದಿಲ್ಲ. 1930ರ ಇಂಗ್ಲಿಷ್ ಪಾಠದಿಂದಲೇ ಕೆಲಸ ಮಾಡಿದರೆ ಯಾರ ಅನುಮತಿಯೂ ಬೇಡ, ಮಾಡಿದ ಕನ್ನಡದ ಹಕ್ಕು ತಮ್ಮದೇ ಆಗುತ್ತದೆ.

ರಂಗಕ್ಕೆ ತರುವವರಿಗಂತೂ ದಾರಿ ಪೂರ್ತಿ ತೆರೆದಿದೆ. ಹಾಲಿವುಡ್ ಚಿತ್ರಗಳಿಗೆ ಮುಂಬೈಯಲ್ಲಿ ಪ್ರಚಾರಚಿತ್ರ ಬರೆದು ಹೆಸರಾದ ಕಲಬುರಗಿಯ ಕಲಾವಿದ ಎಸ್.ಎಂ. ಪಂಡಿತರ ಹೆಸರಿನ ರಂಗಮಂದಿರ ಇದೇ ಊರಲ್ಲಿದೆ. ಅಲ್ಲಿ ಹ್ಯಾಮೆಟ್‌ರ ಕಥೆಯನ್ನು ಆಡುವವರು ಬೋಗಾರ್ಟ್‌ನ ಹ್ಯಾಟು, ಲಿಫ್ಟಿನ ಅಂತ್ಯಗಳನ್ನು ಬಿಟ್ಟು, ಚಿತ್ರ ಕೈಬಿಟ್ಟದ್ದನ್ನೇ ಕೈಗೆತ್ತಿಕೊಂಡರೆ ಕಾನೂನೂ ಕಲೆಯೂ ಒಟ್ಟಿಗೆ ಗೆಲ್ಲುತ್ತವೆ: ಬೀಳುವ ತೊಲೆಯ ಕಥೆ, ಎಫಿಯ ಹಿಂಜರಿತ. ನೋಡುಗರಿಗೂ ಇದು ನಕಲು ಎನಿಸದು, ಏಕೆಂದರೆ ಹೆಚ್ಚಿನವರು ಅದನ್ನು ಎಲ್ಲೂ ನೋಡಿಲ್ಲ.

ಕಥೆಯನ್ನು ನಮ್ಮ ನೆಲಕ್ಕೆ ತರಲೂ ಅಡ್ಡಿಯಿಲ್ಲ. ಇಲ್ಲಿ ಬೀದರ್ ಕೈಯಳತೆಯಲ್ಲೇ ಒಂದು ವಸ್ತು ಕೊಡುತ್ತದೆ: ಬಿದರಿ. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಕುದಿಸಿದಾಗ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಬಹಮನಿ ಕಾಲದ್ದೆಂದು ಹೇಳಿ ಕೈಯಿಂದ ಕೈಗೆ ದಾಟುವ ಒಂದು ಬಿದರಿ ಹಕ್ಕಿ, ಅದು ಅಸಲಿಯೋ ನಕಲಿಯೋ ಎಂದು ಕೆರೆದು ನೋಡುವ ಕೊನೆಯ ದೃಶ್ಯ: ಇದು ಹ್ಯಾಮೆಟ್‌ರ ಕಥೆಗೆ ಒಗ್ಗುತ್ತದೆ, ಚಿತ್ರದಲ್ಲಿ ಬಂದ ಪ್ರತಿಮೆಯ ರೂಪವನ್ನು ನಕಲು ಮಾಡಿದ ಆರೋಪದಿಂದಲೂ ದೂರ ಇಡುತ್ತದೆ.

ಮುಂದಿನ ದಿನಾಂಕಗಳು

1931ರ ಚಿತ್ರ ಅಮೆರಿಕದಲ್ಲಿ 2027ರ ಜನವರಿ 1ರಂದು ಮುಕ್ತವಾಗಲಿದೆ. ಆಗ ‘ಮಾಲ್ಟೀಸ್ ಫಾಲ್ಕನ್ ಸಿನಿಮಾ ಈಗ ಎಲ್ಲರದು’ ಎಂಬ ಸುದ್ದಿ ಮತ್ತೆ ಬರುತ್ತದೆ. ಅದು ಕಾರ್ಟೆಜ್‌ನ ಚಿತ್ರದ ಮಾತು, ಬೋಗಾರ್ಟ್‌ನದಲ್ಲ. 1936ರದ್ದು 2032ರಲ್ಲಿ ಬರುತ್ತದೆ. 1941ರ ಚಿತ್ರಕ್ಕೆ 2037ರ ಜನವರಿ 1ರವರೆಗೆ ಕಾಯಬೇಕು. ಅದೇ ದಿನ ಭಾರತದಲ್ಲಿ ಕ್ರಿಸ್ಟಿಯವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳೂ ಮುಕ್ತವಾಗುತ್ತವೆ.